ಹನ್ನೆರಡು ಮಂದಿಯನ್ನು ಬಿಟ್ಟುಕೊಡದ ಕ್ಲಬ್

ವಾಸ್ಕೊ ಡ ಗಾಮ ಕಲ್ಲಿಕೋಟೆಯ ಕಡಲಿಗೆ ಬಂದು 1898ಕ್ಕೆ ನಾನೂರು ವರ್ಷ ತುಂಬಿತು. ಲಿಸ್ಬನ್ ನಗರದಲ್ಲಿ ಅದರ ಆಚರಣೆ ಅದ್ದೂರಿಯಾಗಿ ನಡೆಯಿತು. ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿದ್ದ ಪೋರ್ಚುಗೀಸ್ ವಲಸಿಗರಿಗೂ ಆ ಸಂಭ್ರಮ ತಟ್ಟದೆ ಇರಲಿಲ್ಲ. ಅದೇ ವರ್ಷದ ಆಗಸ್ಟ್ 21ರಂದು ರಿಯೊ ಡಿ ಜನೈರೊ ಬಂದರಿಗೆ ಹತ್ತಿರದ ಒಂದು ನಾಟಕ ಸಂಘದ ಕೊಠಡಿಯಲ್ಲಿ 62 ಮಂದಿ ಸೇರಿ ದೋಣಿ ಪಂದ್ಯಗಳಿಗಾಗಿ ಒಂದು ಕ್ಲಬ್ ಕಟ್ಟಿದರು. ರಿಯೊ ಆಗ ಬ್ರೆಜಿಲ್‌ನ ರಾಜಧಾನಿ, ದೋಣಿ ಪಂದ್ಯವೇ ಆ ಊರಿನ ದೊಡ್ಡ ಆಟ. ಹುಟ್ಟು ಹಾಕುವ ಹಂಬಲವಿದ್ದ ಕೆಲವು ಗೆಳೆಯರು ಅದುವರೆಗೆ ಕೊಲ್ಲಿ ದಾಟಿ ಎದುರು ದಡದ ನಿತೆರೋಯ್ ಪಟ್ಟಣಕ್ಕೆ ಹೋಗಿ ಅಭ್ಯಾಸ ಮಾಡಬೇಕಾಗಿತ್ತು. ತಮ್ಮದೇ ಒಂದು ದೋಣಿಮನೆ ಬೇಕೆಂಬ ಅವರ ಆಸೆಯೇ ಕ್ಲಬ್ಬಿನ ಮೂಲ. ಫ್ರಾನ್ಸಿಸ್ಕೊ ಗೊನ್ಸಾಲ್ವೆಸ್ ಕೌಟೊ ಜೂನಿಯರ್ ಮೊದಲ ಅಧ್ಯಕ್ಷರಾದರು. ಆ ವರ್ಷ ಎಲ್ಲರ ಬಾಯಲ್ಲೂ ಇದ್ದ ನಾವಿಕನ ಹೆಸರನ್ನೇ ಕ್ಲಬ್ಬಿಗೂ ಇಟ್ಟರು: ಕ್ಲಬೆ ಡಿ ಹೆಗಾಟಸ್ ವಾಸ್ಕೊ ಡ ಗಾಮ.

ನಮ್ಮ ಕಡೆಯ ಓದುಗರಿಗೆ ಈ ಹೆಸರು ಅಷ್ಟು ಹಗುರವಾದುದಲ್ಲ. 1498ರಲ್ಲಿ ಹಿಂದಿರುಗುವ ದಾರಿಯಲ್ಲಿ ಆತ ಹಡಗು ನಿಲ್ಲಿಸಿದ್ದು ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ. 1502ರಲ್ಲಿ ಮತ್ತೆ ಬಂದಾಗ ಭಟ್ಕಳವನ್ನು ತೋಪಿನ ಬಲದಿಂದ ಹೆದರಿಸಿ ಕಪ್ಪ ಒಪ್ಪಿಸಿಕೊಂಡ. ಹಜ್ ಯಾತ್ರೆ ಮುಗಿಸಿ ಬರುತ್ತಿದ್ದವರ ಹಡಗನ್ನು ಜನರ ಸಮೇತ ಸುಟ್ಟ. ಕರಾವಳಿಯ ನೆನಪಿನಲ್ಲಿ ಈ ಹೆಸರಿನ ಜೊತೆ ಬೆಂಕಿಯೂ ಇದೆ. ಹುಬ್ಬಳ್ಳಿಯಿಂದ ಲೋಂಡಾ ದಾಟಿ ಗೋವಾಕ್ಕೆ ಹೋಗುವ ರೈಲಿನ ಕೊನೆಯ ನಿಲ್ದಾಣಕ್ಕೂ ಇದೇ ಹೆಸರು. ಹೀಗಿರುವಾಗ ರಿಯೊ ನಗರದ ಈ ಕ್ಲಬ್ಬಿನ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವವರು ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು: ಆ ಹೆಸರು ಹೊತ್ತ ಕ್ಲಬ್ ನಡೆದ ದಾರಿಯೇ ಬೇರೆಯಾಯಿತು. ಬ್ರೆಜಿಲ್‌ನ ಫುಟ್‌ಬಾಲ್ ಬಿಳಿಯರ, ಓದಿದವರ, ಉಳ್ಳವರ ಸ್ವತ್ತಾಗಿದ್ದ ದಿನಗಳಲ್ಲಿ ಬಾಗಿಲ ಹೊರಗೆ ನಿಂತಿದ್ದವರನ್ನು ಒಳಗೆ ಕರೆದು, ಅವರನ್ನು ಹೊರಹಾಕಿ ಎಂದಾಗ ಒಪ್ಪದೆ ನಿಂತ ಸಂಸ್ಥೆ ಇದು. ಅದು ಗೆದ್ದ ಕಪ್‌ಗಳಿಗಿಂತ ಈ ಸಂಗತಿಯೇ ದೊಡ್ಡದೆಂದು ನನ್ನ ತಿಳಿವಳಿಕೆ. ಅದಕ್ಕಾಗಿಯೇ ಈ ಬರಹದಲ್ಲಿ ಮೊದಲ ಮೂವತ್ತು ವರ್ಷಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬ್ರೆಜಿಲ್ ಗುಲಾಮಗಿರಿಯನ್ನು ಕಾನೂನಿನಿಂದ ತೆಗೆದುಹಾಕಿದ್ದು 1888ರ ಮೇ 13ರಂದು. ಅಲ್ಲಿಂದ ಹದಿನಾರೇ ವರ್ಷಕ್ಕೆ, 1904ರಲ್ಲಿ, ವಾಸ್ಕೊ ಸದಸ್ಯರು ಕಾಂಡಿಡೊ ಜೋಸೆ ಡಿ ಅರೌಜೊ ಎಂಬ ಮಿಶ್ರವರ್ಣೀಯರನ್ನು ಅಧ್ಯಕ್ಷರಾಗಿ ಆರಿಸಿದರು. ದೇಶದ ಕ್ರೀಡಾ ಕ್ಲಬ್ಬೊಂದಕ್ಕೆ ಬಿಳಿಯರಲ್ಲದವರು ಅಧ್ಯಕ್ಷರಾದದ್ದು ಅದೇ ಮೊದಲು ಎಂದು ಕ್ಲಬ್ಬಿನ ಚರಿತ್ರೆ ದಾಖಲಿಸುತ್ತದೆ. ಅವರ ಅವಧಿಯಲ್ಲೇ 1905 ಮತ್ತು 1906ರಲ್ಲಿ ನಗರದ ದೋಣಿ ಚಾಂಪಿಯನ್ ಪಟ್ಟಗಳು ಬಂದವು. ಪೋರ್ಚುಗೀಸ್ ಅಂಗಡಿಕಾರರು, ಗುಮಾಸ್ತರು ತುಂಬಿದ್ದ ಕ್ಲಬ್ಬಿನಲ್ಲಿ ಇದು ಹೇಗೆ ಸಾಧ್ಯವಾಯಿತು? ರಿಯೊ ನಗರದ ಮೇಲ್ವರ್ಗದ ಕಣ್ಣಿಗೆ ಆ ಅಂಗಡಿಕಾರರೂ ಕೀಳೇ ಆಗಿದ್ದರು. ದಿನಸಿ ಅಂಗಡಿ, ಬೇಕರಿ, ಹೆಂಡದಂಗಡಿಯ ಗಲ್ಲಾದ ಹಿಂದೆ ನಿಂತು ದುಡಿದವರು, ಒರಟು ಮಾತಿನವರು, ಮರದ ಪಾದರಕ್ಷೆ ಹಾಕಿ ಹಡಗಿನಿಂದ ಇಳಿದವರು ಎಂಬ ಹೀಯಾಳಿಕೆ ಅವರಿಗಿತ್ತು. ಅವಮಾನ ಉಂಡವರೆಲ್ಲ ಉದಾರಿಗಳಾಗುವುದಿಲ್ಲ, ನಿಜ. ಆದರೆ ಈ ವ್ಯಾಪಾರಿಗಳಿಗೆ ಗೆಲ್ಲುವ ಹಟವಿತ್ತು. ಆ ಹಟದ ಮುಂದೆ ಚರ್ಮದ ಬಣ್ಣ, ಮನೆತನ ಅವರಿಗೆ ದೊಡ್ಡದಾಗಿ ಕಾಣಲಿಲ್ಲ.

ಫುಟ್‌ಬಾಲ್ ಈ ಕ್ಲಬ್ಬಿಗೆ ತಡವಾಗಿ ಬಂತು. 1913ರಲ್ಲಿ ಲಿಸ್ಬನ್ ನಗರದಿಂದ ಒಂದು ತಂಡ ರಿಯೊಗೆ ಬಂದು ಆಡಿದಾಗ ವಲಸಿಗರಲ್ಲಿ ಈ ಆಟದ ಹುಚ್ಚು ಹತ್ತಿತು. ಆಗ ಹುಟ್ಟಿದ ಲುಸಿಟಾನಿಯಾ ಎಂಬ ಪುಟ್ಟ ಸಂಘವನ್ನು 1915ರ ನವೆಂಬರ್ 26ರಂದು ತನ್ನೊಳಗೆ ಸೇರಿಸಿಕೊಂಡು ವಾಸ್ಕೊ ಫುಟ್‌ಬಾಲ್ ವಿಭಾಗ ತೆರೆಯಿತು. 1916ರ ಮೇ 3ರಂದು ಮೂರನೇ ದರ್ಜೆಯಲ್ಲಿ ಆಡಿದ ಮೊದಲ ಪಂದ್ಯದಲ್ಲಿ ಪಲಾಡಿನೊ ಎಂಬ ತಂಡದೆದುರು 10–1ರಿಂದ ಸೋಲು. ಅಷ್ಟು ಹೊತ್ತಿಗೆ ಫ್ಲುಮಿನೆನ್ಸೆ, ಬೊಟಾಫೊಗೊ, ಫ್ಲಮೆಂಗೊ ಕ್ಲಬ್‌ಗಳು ನಗರದ ಶ್ರೀಮಂತ ದಕ್ಷಿಣ ಭಾಗದಲ್ಲಿ ಗಟ್ಟಿಯಾಗಿ ಬೇರೂರಿದ್ದವು. ಪಂದ್ಯ ನೋಡಲು ಹ್ಯಾಟು ಧರಿಸಿದ ಗಣ್ಯರು ಸಂಸಾರ ಸಮೇತ ಬರುತ್ತಿದ್ದರು. ಆಡುವವರು ವೈದ್ಯ, ವಕೀಲ ವಿದ್ಯಾರ್ಥಿಗಳು. ಆಟಕ್ಕೆ ಹಣ ಪಡೆಯುವುದು ನಿಷಿದ್ಧ. ದುಡಿಯದೆ ಹೊಟ್ಟೆ ತುಂಬದವನಿಗೆ ಅಲ್ಲಿ ಜಾಗವಿಲ್ಲ ಎಂದೇ ಇದರ ಅರ್ಥವಾಗಿತ್ತು.

ಕಪ್ಪು ಆಟಗಾರರನ್ನು ಮೊದಲು ಆಡಿಸಿದ ಕೀರ್ತಿ ವಾಸ್ಕೊಗೆ ಸಲ್ಲುವುದಿಲ್ಲ. ನಗರದ ಅಂಚಿನ ಬಟ್ಟೆ ಗಿರಣಿಯ ತಂಡವಾದ ಬಂಗು 1905ರಲ್ಲೇ ಫ್ರಾನ್ಸಿಸ್ಕೊ ಕರೆಗಲ್ ಎಂಬ ಕಪ್ಪು ಕಾರ್ಮಿಕನನ್ನು ಕಣಕ್ಕಿಳಿಸಿತ್ತು. ಅಭಿಮಾನದ ಭರದಲ್ಲಿ ಇದನ್ನು ಮರೆಯುವವರಿದ್ದಾರೆ, ಮರೆಯಬಾರದು. ವಾಸ್ಕೊ ಮಾಡಿದ್ದು ಬೇರೆ: ಅಂಥವರನ್ನೇ ಹುಡುಕಿ, ತರಬೇತಿ ಕೊಟ್ಟು, ಗೆಲ್ಲುವ ತಂಡ ಕಟ್ಟಿತು. ಗಿರಣಿಯ ತಂಡ ಸೋಲುತ್ತಿದ್ದಷ್ಟು ದಿನ ತಕರಾರು ಇಷ್ಟು ಜೋರಾಗಿರಲಿಲ್ಲ. ಅದು ಜೋರಾದದ್ದು ಇವರು ಗೆದ್ದಾಗ.

ಉರುಗ್ವೆಯ ರಾಮೋನ್ ಪ್ಲಾಟೆರೊ ತರಬೇತುದಾರರಾಗಿ ಬಂದರು. 1922ರಲ್ಲಿ ಕೆಳದರ್ಜೆಯ ಪಟ್ಟ ಗೆದ್ದು ವಾಸ್ಕೊ ಮೇಲಿನ ದರ್ಜೆಗೆ ಏರಿತು. 1923ರ ತಂಡದಲ್ಲಿ ಗೋಲ್‌ಕೀಪರ್ ನೆಲ್ಸನ್ ಡಾ ಕೊನ್ಸೆಯ್ಸಾವೊ ಟ್ಯಾಕ್ಸಿ ಓಡಿಸುತ್ತಿದ್ದವರು. ಸೆಸಿ ಗೋಡೆಗೆ ಬಣ್ಣ ಬಳಿಯುತ್ತಿದ್ದವರು, ನಿಕೊಲಿನೊ ಬಂದರಿನಲ್ಲಿ ಮೂಟೆ ಹೊರುತ್ತಿದ್ದವರು. ಕಪ್ಪು ಜನ, ಮಿಶ್ರವರ್ಣೀಯರು, ಬಡ ಬಿಳಿಯರು ಒಂದೇ ಅಂಗಿಯಲ್ಲಿ. ಆಗಿನ ಅಂಗಿ ಪೂರ್ತಿ ಕಪ್ಪು, ಎದೆಯ ಮೇಲೆ ಶಿಲುಬೆ. ಹಾಗಾಗಿ ಆ ತಂಡಕ್ಕೆ 'ಕಪ್ಪು ಅಂಗಿಗಳು' ಎಂದೇ ಹೆಸರು ನಿಂತಿತು. ಪ್ಲಾಟೆರೊ ತಮ್ಮ ಆಟಗಾರರನ್ನು ಬೀದಿಗಳಲ್ಲಿ ಮೈಲಿಗಟ್ಟಲೆ ಓಡಿಸುತ್ತಿದ್ದರು. ಉಳಿದ ಕ್ಲಬ್‌ಗಳ ಹುಡುಗರು ವಾರಕ್ಕೊಮ್ಮೆ ಬಂದು ಆಡಿ ಹೋಗುತ್ತಿದ್ದ ಕಾಲ ಅದು. ಮೊದಲರ್ಧದಲ್ಲಿ ಸಮಬಲವಾಗಿ ಕಂಡ ಪಂದ್ಯವನ್ನು ಎರಡನೆಯ ಅರ್ಧದಲ್ಲಿ, ಎದುರಾಳಿಗಳ ಉಸಿರು ಬತ್ತಿದಾಗ, ವಾಸ್ಕೊ ತನ್ನದಾಗಿಸಿಕೊಳ್ಳುತ್ತಿತ್ತು. ಹಿಂದೆ ಬಿದ್ದು ಆಮೇಲೆ ಗೆಲ್ಲುವ ತಂಡ ಎಂದು ಇಂದಿಗೂ ಅಭಿಮಾನಿಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಹಣ ಕೊಡುವಂತಿಲ್ಲವಲ್ಲ, ಅದಕ್ಕೂ ವ್ಯಾಪಾರಿಗಳು ದಾರಿ ಕಂಡುಕೊಂಡರು. ಆಟಗಾರರನ್ನು ತಮ್ಮ ಅಂಗಡಿಗಳ ನೌಕರರೆಂದು ಬರೆಸಿಕೊಂಡರು. ಗೆದ್ದರೆ ಬಹುಮಾನ. ಅದನ್ನು ಊರಿನ ಪ್ರಾಣಿ ಚಿತ್ರದ ಲಾಟರಿಯ ಭಾಷೆಯಲ್ಲಿ ಹೇಳುತ್ತಿದ್ದರಂತೆ: ಸಣ್ಣ ಎದುರಾಳಿಯನ್ನು ಸೋಲಿಸಿದರೆ ಹುಂಜ, ದೊಡ್ಡವರನ್ನು ಸೋಲಿಸಿದರೆ ಹಸು. ಗೆಲುವಿನ ಭಕ್ಷೀಸಿಗೆ ಬ್ರೆಜಿಲ್‌ನ ಆಟಗಾರರು ಇಂದಿಗೂ 'ಬಿಶೊ', ಅಂದರೆ ಪ್ರಾಣಿ, ಎನ್ನುತ್ತಾರೆ. ಪತ್ರಕರ್ತ ಮಾರಿಯೊ ಫಿಲ್ಯೊ 1947ರಲ್ಲಿ ಪ್ರಕಟಿಸಿದ, ಬ್ರೆಜಿಲ್ ಫುಟ್‌ಬಾಲಿನ ಕಪ್ಪು ಆಟಗಾರರನ್ನು ಕುರಿತ ಪುಸ್ತಕದಲ್ಲಿ ಈ ದಿನಗಳ ಕಥೆಗಳು ಹೇರಳವಾಗಿವೆ. ಅವರು ಕಥೆಗಾರರಂತೆ ಬರೆದವರು, ಕೆಲವೆಡೆ ಬಣ್ಣ ಜಾಸ್ತಿಯಾಗಿರಬಹುದು. ಆ ಋತುವಿನ ಕಾವು ಮಾತ್ರ ಸುಳ್ಳಲ್ಲ. 1923ರ ಜುಲೈ 8ರಂದು ಫ್ಲಮೆಂಗೊ 3–2ರಿಂದ ವಾಸ್ಕೊವನ್ನು ಸೋಲಿಸಿದಾಗ ನಗರದ ಮೇಲ್ವರ್ಗ ತಾನೇ ಪಟ್ಟ ಗೆದ್ದಂತೆ ಬೀದಿಯಲ್ಲಿ ಕುಣಿಯಿತು. ಆ ಋತುವಿನಲ್ಲಿ ವಾಸ್ಕೊ ಕಂಡ ಸೋಲು ಅದೊಂದೇ. ಮೇಲಿನ ದರ್ಜೆಗೆ ಬಂದ ಮೊದಲ ವರ್ಷವೇ ಟ್ಯಾಕ್ಸಿ ಚಾಲಕನ, ಬಣ್ಣ ಬಳಿಯುವವನ, ಹಮಾಲಿಯ ತಂಡ ರಿಯೊ ಚಾಂಪಿಯನ್ ಆಯಿತು.

ಮರುವರ್ಷ ದೊಡ್ಡ ಕ್ಲಬ್‌ಗಳು ಹಳೆಯ ಲೀಗನ್ನೇ ತೊರೆದವು. ಫ್ಲುಮಿನೆನ್ಸೆ, ಫ್ಲಮೆಂಗೊ, ಬೊಟಾಫೊಗೊ, ಅಮೆರಿಕಾ, ಬಂಗು ಸೇರಿ ಅಮೆಯಾ ಎಂಬ ಹೊಸ ಸಂಘ ಸ್ಥಾಪಿಸಿದವು. ಅದರ ಅಧ್ಯಕ್ಷ ಆರ್ನಾಲ್ಡೊ ಗಿನ್ಲೆ ರಿಯೊ ನಗರದ ಅತಿ ಶ್ರೀಮಂತ ಮನೆತನದವರು. ನಿಯಮಗಳಲ್ಲಿ ಎಲ್ಲೂ ಬಣ್ಣದ ಪ್ರಸ್ತಾಪವಿರಲಿಲ್ಲ. ಆಟಗಾರನಿಗೆ ಗೌರವಯುತ ಉದ್ಯೋಗವಿದೆಯೇ, ಅವನು ಹೇಗೆ ಬದುಕುತ್ತಾನೆ ಎಂದು ತನಿಖೆಯಾಗಬೇಕು. ಓದು ಬರಹ ಬರಬೇಕು. ಹಮಾಲಿಯೂ ಕೂಲಿಯೂ ತಾವಾಗಿಯೇ ಹೊರಗುಳಿಯುವಂತೆ ಜರಡಿ ಹಿಡಿದ ನಿಯಮಗಳು ಅವು. ವಾಸ್ಕೊ ಸೇರಬಹುದು, ಆದರೆ ತನ್ನ ಹನ್ನೆರಡು ಆಟಗಾರರನ್ನು ಕೈಬಿಡಬೇಕು ಎಂಬ ಷರತ್ತು ಬಂತು. ಸ್ಥಾಪಕ ಕ್ಲಬ್‌ಗಳಿಗೆ ಇರುವ ಹಕ್ಕುಗಳು ವಾಸ್ಕೊಗೆ ಇಲ್ಲ. ಮೈದಾನ ಚಿಕ್ಕದು, ಕಚೇರಿ ಸಾದಾ ಎಂಬ ಆಕ್ಷೇಪಗಳೂ ಇದ್ದವು.

ಬರವಣಿಗೆಯ ಅಡ್ಡಿಯನ್ನು ದಾಟಲು ಆಟಗಾರರು ಪಟ್ಟ ಪಾಡು ಕಣ್ಣು ತೇವಗೊಳಿಸುವಂಥದ್ದು. ಪಂದ್ಯಕ್ಕೆ ಮುಂಚೆ ಹಾಳೆಯಲ್ಲಿ ಹೆಸರು ಬರೆಯಬೇಕಾಗಿತ್ತು. ದಿನವಿಡೀ ದುಡಿದು, ಅಭ್ಯಾಸ ಮುಗಿಸಿದ ಮೇಲೆ ಅವರು ಕ್ಲಬ್ಬಿನಲ್ಲೇ ಕುಳಿತು ಅಕ್ಷರ ತಿದ್ದಿದರು. ಚಿನೆಲ್ಲಿ ಎಂಬ ತನ್ನ ಮನೆತನದ ಹೆಸರು ಬರೆಯಲು ಕಷ್ಟವಾದ್ದರಿಂದ ಪಾಸ್ಕೊಆಲ್ ಎಂಬ ಆಟಗಾರ ಸುಲಭವಾದ ಸಿಲ್ವ ಎಂಬ ಹೆಸರನ್ನು ಇಟ್ಟುಕೊಂಡ ಕಥೆಯನ್ನು ಮಾರಿಯೊ ಫಿಲ್ಯೊ ಹೇಳುತ್ತಾರೆ. ಚೆಂಡು ಒದೆಯಲು ಹೆಸರನ್ನೇ ಬದಲಿಸಬೇಕಾಗಿ ಬಂದದ್ದನ್ನು ಆ ಕಾಲದ ಗಣ್ಯರು ತಮಾಷೆಯಾಗಿ ನೋಡಿದರು.

1924ರ ಏಪ್ರಿಲ್ 7ರಂದು ವಾಸ್ಕೊ ಅಧ್ಯಕ್ಷ ಜೋಸೆ ಆಗಸ್ಟೊ ಪ್ರೆಸ್ಟೆಸ್ ಅವರು ಗಿನ್ಲೆ ಅವರಿಗೆ ಒಂದು ಪತ್ರ ಬರೆದರು. ಒಂದೇ ಪುಟದ, ಟೈಪ್ ಮಾಡಿದ, ಕಚೇರಿ ಶೈಲಿಯ ಪತ್ರ. ಕೂಗಾಟವಿಲ್ಲ, ಘೋಷಣೆಯಿಲ್ಲ. ನಿಮ್ಮ ಷರತ್ತುಗಳು ನಮ್ಮನ್ನು ಕೀಳು ಸ್ಥಾನದಲ್ಲಿ ನಿಲ್ಲಿಸುತ್ತವೆ. ಮೈದಾನದ ಕೊರತೆಯಾಗಲಿ ಕಚೇರಿಯ ಸರಳತೆಯಾಗಲಿ ಅದಕ್ಕೆ ಕಾರಣವಾಗಲಾರದು. ನಮ್ಮ ಹನ್ನೆರಡು ಆಟಗಾರರನ್ನು ತೆಗೆಯಲು ನೀವು ಅನುಸರಿಸಿದ ವಿಚಾರಣೆಯ ಕ್ರಮವನ್ನು ಒಪ್ಪುವುದಿಲ್ಲ. ಇವರು ಬಹುತೇಕ ಬ್ರೆಜಿಲ್‌ನವರೇ, ಎಳೆಯರು, ಈಗಷ್ಟೇ ಬದುಕು ಆರಂಭಿಸಿದವರು. ಅವರನ್ನು ತಂಡಕ್ಕೆ ಬರಮಾಡಿಕೊಂಡ ನಾವೇ, ಅವರು ಕೀರ್ತಿ ತಂದ ಬಾವುಟದ ಕೆಳಗೆ ನಿಂತು, ಅವರಿಗೆ ಕಳಂಕ ಹಚ್ಚುವ ಕೆಲಸ ಮಾಡಲಾರೆವು. ಆದ್ದರಿಂದ ನಿಮ್ಮ ಸಂಘ ಸೇರುವ ವಿಚಾರ ಬಿಟ್ಟಿದ್ದೇವೆ. ಪತ್ರದ ಸಾರ ಇಷ್ಟೇ. ಕ್ಲಬ್ಬಿನವರು ಅದನ್ನು 'ಐತಿಹಾಸಿಕ ಉತ್ತರ' ಎನ್ನುತ್ತಾರೆ.

ಈ ಪತ್ರದಲ್ಲಿಯೂ ಬಣ್ಣದ ಮಾತಿಲ್ಲ ಎಂಬುದನ್ನು ಹಿಡಿದು, ಇದು ಜನಾಂಗಭೇದದ ವಿರುದ್ಧದ ಹೋರಾಟವೇ ಅಲ್ಲ, ಆಟಕ್ಕೆ ಹಣ ಕೊಡಬೇಕೋ ಬೇಡವೋ ಎಂಬ ಜಗಳವಷ್ಟೇ ಎಂದು ವಾದಿಸುವವರಿದ್ದಾರೆ. ನನಗೆ ಆ ವಾದ ಒಪ್ಪಿಗೆಯಾಗುವುದಿಲ್ಲ. ಗುಲಾಮಗಿರಿ ಹೋಗಿ ಮೂವತ್ತಾರೇ ವರ್ಷವಾಗಿದ್ದ ನಗರದಲ್ಲಿ ಅಕ್ಷರ ಬಾರದವರು ಯಾರು, ದಿನಗೂಲಿಯವರು ಯಾರು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ನಿಯಮಗಳು ಯಾರ ಮೇಲೆ ಬೀಳುತ್ತವೆ ಎಂಬುದು ಬರೆದವರಿಗೂ ಗೊತ್ತಿತ್ತು, ಓದಿದವರಿಗೂ ಗೊತ್ತಿತ್ತು. ವಾಸ್ಕೊ ಮುಖಂಡರು ಸಮಾಜ ಸುಧಾರಕರಾಗಿರಲಿಲ್ಲ. ತಮ್ಮ ತಂಡ ಗೆಲ್ಲಬೇಕೆಂಬ ಸ್ವಾರ್ಥವೂ ಅವರಲ್ಲಿತ್ತು. ಆದರೆ ಹನ್ನೆರಡು ಮಂದಿಯನ್ನು ಬಿಟ್ಟು ದೊಡ್ಡವರ ಜೊತೆ ಕೂರುವ ಸ್ವಾರ್ಥ ಇನ್ನೂ ಸುಲಭವಾಗಿತ್ತು. ಅದನ್ನು ಅವರು ಆರಿಸಿಕೊಳ್ಳಲಿಲ್ಲ. 1924ರಲ್ಲಿ ಸಣ್ಣ ಕ್ಲಬ್‌ಗಳೊಂದಿಗೆ ಹಳೆಯ ಲೀಗಿನಲ್ಲೇ ಉಳಿದು, ಒಂದೂ ಪಂದ್ಯ ಸೋಲದೆ ಪಟ್ಟ ಗೆದ್ದರು. ಜನ ವಾಸ್ಕೊ ಆಟಕ್ಕೇ ಬರುತ್ತಿದ್ದರು, ಟಿಕೆಟ್ ಹಣವೂ ಅಲ್ಲಿಗೇ ಹರಿಯುತ್ತಿತ್ತು. 1925ರಲ್ಲಿ ಅಮೆಯಾ ಬಾಗಿಲು ತೆರೆಯಿತು. ವಾಸ್ಕೊ ತನ್ನ ಆಟಗಾರರ ಜೊತೆಯಲ್ಲೇ ಒಳಗೆ ಹೋಯಿತು.

ಮೈದಾನ ಚಿಕ್ಕದು ಎಂಬ ಮಾತು ಮಾತ್ರ ಅವರ ಮನಸ್ಸಿನಲ್ಲಿ ಉಳಿದಿತ್ತು. ಸಾವೊ ಕ್ರಿಸ್ಟೊವಾವೊ ಬಡಾವಣೆಯ ದಿಬ್ಬದ ಮೇಲೆ ಜಾಗ ಕೊಂಡು, ಹತ್ತು ಸಾವಿರ ಹೊಸ ಸದಸ್ಯರನ್ನು ಸೇರಿಸುವ ಅಭಿಯಾನ ಶುರು ಮಾಡಿದರು. ಬೇಕರಿಯವರು, ಹೋಟೆಲಿನವರು, ಗುಮಾಸ್ತರು, ಕೂಲಿಕಾರರು ಚಂದಾ ಕೊಟ್ಟರು. ಸರಕಾರದ ನೆರವು ಒಂದು ಕಾಸೂ ಇರಲಿಲ್ಲ. 1926ರ ಜೂನ್ 6ರಂದು ಅಡಿಗಲ್ಲು ಬಿತ್ತು, ಹತ್ತೂವರೆ ತಿಂಗಳಲ್ಲಿ ಕಟ್ಟಡ ಎದ್ದಿತು. ಪೋರ್ಚುಗೀಸ್ ವಾಸ್ತುಶಿಲ್ಪಿ ರಿಕಾರ್ಡೊ ಸೆವೆರೊ ವಿನ್ಯಾಸದ ಮುಂಭಾಗ ಹಳೆಯ ಕಾಲದ ಬಂಗಲೆಯೊಂದರ ಗಾಂಭೀರ್ಯದಲ್ಲಿದೆ. ಡೆನ್ಮಾರ್ಕಿನ ಕ್ರಿಸ್ಟಿಯಾನಿ–ನೀಲ್ಸನ್ ಕಂಪನಿ ಕಾಂಕ್ರೀಟಿನ ಕೆಲಸ ಮಾಡಿತು. 1927ರ ಏಪ್ರಿಲ್ 21ರಂದು ರಾಷ್ಟ್ರಾಧ್ಯಕ್ಷ ವಾಷಿಂಗ್ಟನ್ ಲೂಯಿಸ್ ಅವರ ಸಮ್ಮುಖದಲ್ಲಿ ಉದ್ಘಾಟನೆ. ಆ ದಿನದ ಪಂದ್ಯದಲ್ಲಿ ಸ್ಯಾಂಟೋಸ್ ತಂಡ ವಾಸ್ಕೊವನ್ನು 5–3ರಿಂದ ಸೋಲಿಸಿತು ಎಂಬುದನ್ನು ಅಭಿಮಾನಿಗಳು ಇಂದು ನಗುತ್ತಲೇ ನೆನೆಯುತ್ತಾರೆ. 1930ರಲ್ಲಿ ಮೊಂಟೆವಿಡಿಯೊದ ಸೆಂಟೆನಾರಿಯೊ ಬರುವವರೆಗೆ ದಕ್ಷಿಣ ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಕ್ರೀಡಾಂಗಣ ಇರಲಿಲ್ಲ. 1950ರಲ್ಲಿ ಮರಕನಾ ಏಳುವವರೆಗೆ ರಿಯೊ ನಗರದಲ್ಲಿ ಇದೇ ದೊಡ್ಡದು. 1928ರಲ್ಲೇ ವಿದ್ಯುದ್ದೀಪದ ಬೆಳಕಿನಲ್ಲಿ ಉರುಗ್ವೆಯ ವಾಂಡರರ್ಸ್ ಜೊತೆ ಇಲ್ಲಿ ರಾತ್ರಿ ಪಂದ್ಯ ನಡೆಯಿತು.

ಸಾವೊ ಜನುವಾರಿಯೊ ಎಂದು ಕರೆಸಿಕೊಂಡ ಈ ಜಾಗ ಬೇಗನೆ ಆಟದ ಗಡಿ ದಾಟಿತು. ಸಂಗೀತಕಾರ ಹೈಟರ್ ವಿಲ್ಲಾ–ಲೋಬೋಸ್ ಶಾಲಾಮಕ್ಕಳ ಸಾವಿರಾರು ಕಂಠಗಳ ವೃಂದಗಾನವನ್ನು ಇಲ್ಲಿ ನಡೆಸಿದರು. ಸರ್ವಾಧಿಕಾರಿ ಗೆಟುಲಿಯೊ ವರ್ಗಾಸ್ ಕಾರ್ಮಿಕರನ್ನು ಉದ್ದೇಶಿಸಿ ಮಾತನಾಡಲು ಆರಿಸಿಕೊಂಡ ವೇದಿಕೆಯೂ ಇದೇ. 1940ರ ಮೇ 1ರಂದು ಕನಿಷ್ಠ ವೇತನದ ಆದೇಶವನ್ನು ಅವರು ಸಾರಿದ್ದು ಇಲ್ಲಿ. ಸರ್ವಾಧಿಕಾರಕ್ಕೆ ವೇದಿಕೆಯಾದದ್ದು ಕ್ಲಬ್ಬಿಗೆ ಶೋಭೆಯೇ ಎಂದು ಕೇಳಬಹುದು. ಆದರೆ ಅಂದು ಗ್ಯಾಲರಿಯಲ್ಲಿ ಕುಳಿತು ಆ ಆದೇಶ ಕೇಳಿಸಿಕೊಂಡ ಕಾರ್ಮಿಕರಲ್ಲಿ ಹಲವರು ಹದಿಮೂರು ಹದಿನಾಲ್ಕು ವರ್ಷಗಳ ಹಿಂದೆ ಅದೇ ಗೋಡೆಗೆ ಚಂದಾ ಕೊಟ್ಟ ವರ್ಗದವರೇ.

ಆಟದ ಮಟ್ಟಿಗೆ ವಾಸ್ಕೊ ಚರಿತ್ರೆಯ ಶಿಖರ 1945ರಿಂದ 1952ರವರೆಗಿನ ಕಾಲ. 'ಗೆಲುವಿನ ಎಕ್ಸ್‌ಪ್ರೆಸ್' ಎನಿಸಿಕೊಂಡ ಆ ತಂಡ ಎಂಟು ವರ್ಷಗಳಲ್ಲಿ ಐದು ಸಲ ರಿಯೊ ಪಟ್ಟ ಗೆದ್ದಿತು, ಅದರಲ್ಲಿ ಮೂರು ಸಲ ಸೋಲೇ ಕಾಣದೆ. 1948ರಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್ ತಂಡಗಳ ಟೂರ್ನಿ ನಡೆದಾಗ, ಡಿ ಸ್ಟೆಫಾನೊ ಆಡುತ್ತಿದ್ದ ಅರ್ಜೆಂಟೀನಾದ ರಿವರ್ ಪ್ಲೇಟ್ ತಂಡವನ್ನು ಕೊನೆಯ ಪಂದ್ಯದಲ್ಲಿ ಗೋಲಿಲ್ಲದ ಡ್ರಾಕ್ಕೆ ತಡೆದು ವಾಸ್ಕೊ ಪಟ್ಟ ಗೆದ್ದಿತು. ಖಂಡದ ಮಟ್ಟದಲ್ಲಿ ಕ್ಲಬ್‌ಗಳ ಮೊದಲ ಟೂರ್ನಿ ಅದು.

1950ರ ವಿಶ್ವಕಪ್‌ನ ಬ್ರೆಜಿಲ್ ತಂಡವೆಂದರೆ ಬಹುಮಟ್ಟಿಗೆ ವಾಸ್ಕೊ ತಂಡವೇ. ತರಬೇತುದಾರ ಫ್ಲಾವಿಯೊ ಕೋಸ್ಟ, ನಾಯಕ ಆಗಸ್ಟೊ, ಗೋಲ್‌ಕೀಪರ್ ಮೊವಾಸಿರ್ ಬಾರ್ಬೋಸ, ಟೂರ್ನಿಯಲ್ಲಿ ಅತಿ ಹೆಚ್ಚು ಗೋಲು ಹೊಡೆದ ಅಡೆಮಿರ್, ಜೊತೆಗೆ ಡ್ಯಾನಿಲೊ, ಶಿಕೊ. ಜುಲೈ 16ರಂದು ಮರಕನಾದಲ್ಲಿ ಉರುಗ್ವೆ 2–1ರಿಂದ ಗೆದ್ದಾಗ ಇಡೀ ದೇಶ ಒಬ್ಬನ ಕಡೆ ಬೆರಳು ತೋರಿಸಿತು. ಉರುಗ್ವೆಯ ಗಿಜಿಯಾ ಹೊಡೆದ ಚೆಂಡು ತನ್ನ ಮತ್ತು ಕಂಬದ ನಡುವಿನಿಂದ ತೂರಿಹೋದದ್ದಕ್ಕೆ ಕಪ್ಪು ಗೋಲ್‌ಕೀಪರ್ ಬಾರ್ಬೋಸ ಬದುಕಿಡೀ ಉತ್ತರ ಕೊಡಬೇಕಾಯಿತು. ಬ್ರೆಜಿಲ್ ಕಾನೂನಿನಲ್ಲಿ ಅತಿ ಹೆಚ್ಚಿನ ಶಿಕ್ಷೆ ಮೂವತ್ತು ವರ್ಷ, ತಾನು ಅದಕ್ಕಿಂತಲೂ ಹೆಚ್ಚು ಅನುಭವಿಸಿದ್ದೇನೆ ಎಂಬರ್ಥದ ಮಾತನ್ನು ಅವರು ಮುಪ್ಪಿನಲ್ಲಿ ಹೇಳಿದ್ದರು. 1924ರಲ್ಲಿ ಕಾಗದದ ಮೇಲೆ ನಡೆದದ್ದು 1950ರಲ್ಲಿ ಬೀದಿಯಲ್ಲಿ ನಡೆಯಿತು.

ದೇಶ ಬೆರಳು ತೋರಿಸುತ್ತಿದ್ದಾಗ ಕ್ಲಬ್ ಏನು ಮಾಡಿತು ಎಂಬುದು ಈ ಲೇಖನಕ್ಕೆ ಮುಖ್ಯ. ವಾಸ್ಕೊ ಅವರನ್ನೇ ಗೋಲಿನಲ್ಲಿ ನಿಲ್ಲಿಸಿತು. ಅದೇ ಋತುವಿನ ರಿಯೊ ಪಟ್ಟ ಗೆದ್ದು, ಮರಕನಾದಲ್ಲಿ ಚಾಂಪಿಯನ್ ಆದ ಮೊದಲ ಕ್ಲಬ್ ಎನಿಸಿಕೊಂಡಿತು. 1951ರ ಏಪ್ರಿಲ್ 8ರಂದು ಮೊಂಟೆವಿಡಿಯೊಗೆ ಹೋಗಿ, ವಿಶ್ವಕಪ್ ಗೆದ್ದ ಉರುಗ್ವೆ ಆಟಗಾರರು ತುಂಬಿದ್ದ ಪೆನ್ಯರೊಲ್ ತಂಡವನ್ನು 3–0ರಿಂದ ಮಣಿಸಿತು. ಗೋಲ್‌ಕೀಪರ್ ಬಾರ್ಬೋಸರೇ. 1958ರ ರಿಯೊ ಪಟ್ಟ ಗೆದ್ದ ತಂಡದಲ್ಲಿಯೂ ಅವರ ಹೆಸರಿದೆ. 2000ದ ಏಪ್ರಿಲ್ 7ರಂದು, ಪ್ರೆಸ್ಟೆಸ್ ಪತ್ರ ಬರೆದ ತಾರೀಕಿನಂದೇ, ಅವರು ತೀರಿಕೊಂಡರು. ಜಕರೆಪಗುವಾದಲ್ಲಿರುವ ಕ್ಲಬ್ಬಿನ ತರಬೇತಿ ಕೇಂದ್ರಕ್ಕೆ ಈಗ ಅವರ ಹೆಸರಿದೆ. ಅಲ್ಲಿ ಅಭ್ಯಾಸಕ್ಕೆ ಬರುವ ಪ್ರತಿ ಹುಡುಗನೂ ಆ ಹೆಸರಿನ ಕೆಳಗೆ ಹಾದು ಹೋಗುತ್ತಾನೆ ಎಂಬುದು ನನಗೆ ಬಹಳ ಸಮಾಧಾನ ಕೊಡುವ ಸಂಗತಿ.

1957ರಲ್ಲಿ ಪ್ಯಾರಿಸ್‌ನಲ್ಲಿ ಯುರೋಪಿನ ಚಾಂಪಿಯನ್ ರಿಯಲ್ ಮ್ಯಾಡ್ರಿಡ್ ತಂಡವನ್ನು ವಾಸ್ಕೊ 4–3ರಿಂದ ಸೋಲಿಸಿತು. ಅದೇ ಜೂನಿನಲ್ಲಿ ಸ್ಯಾಂಟೋಸ್–ವಾಸ್ಕೊ ಕೂಡುತಂಡದಲ್ಲಿ ವಾಸ್ಕೊ ಅಂಗಿ ತೊಟ್ಟ ಹದಿನಾರರ ಹುಡುಗನೊಬ್ಬ ಮರಕನಾದಲ್ಲಿ ಪೋರ್ಚುಗಲ್ಲಿನ ಬೆಲೆನೆನ್ಸಸ್ ವಿರುದ್ಧ ಮೂರು ಗೋಲು ಹೊಡೆದ. ಹುಡುಗನ ಹೆಸರು ಪೆಲೆ. ಅವನ ಸಾವಿರದ ಗೋಲು 1969ರ ನವೆಂಬರ್ 19ರಂದು ಅದೇ ಮರಕನಾದಲ್ಲಿ, ಅದೇ ವಾಸ್ಕೊ ವಿರುದ್ಧ ಬಂತು. 1958ರಲ್ಲಿ ಸ್ವೀಡನ್ನಿನಲ್ಲಿ ವಿಶ್ವಕಪ್ಪನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ ಹಿಡಿದು, ಮುಂದಿನ ನಾಯಕರೆಲ್ಲ ಅನುಸರಿಸುವಂತೆ ಮಾಡಿದ ಬೆಲ್ಲಿನಿ ವಾಸ್ಕೊ ಆಟಗಾರ. ಆ ಫೈನಲ್‌ನಲ್ಲಿ ಎರಡು ಗೋಲು ಹೊಡೆದ ವಾವಾ ಕೂಡ. ಗ್ಯಾಲರಿಯಲ್ಲೂ ಒಂದು ಬಾಗಿಲು ಆ ಕಾಲಕ್ಕೇ ತೆರೆಯಿತು: 1956ರಲ್ಲಿ ಡುಲ್ಸೆ ರೊಸಲಿನಾ ಎಂಬ ಮಹಿಳೆ ವಾಸ್ಕೊ ಅಭಿಮಾನಿಗಳ ಸಂಘದ ಮುಂದಾಳಾದರು, ಬ್ರೆಜಿಲ್‌ನಲ್ಲಿ ಅಂಥ ಸಂಘವನ್ನು ಹೆಣ್ಣೊಬ್ಬಳು ಮುನ್ನಡೆಸಿದ್ದು ಅದೇ ಮೊದಲು. ಎಷ್ಟೋ ವರ್ಷಗಳ ಮೇಲೆ, 2000ದಲ್ಲಿ, ಅಲಗೋವಸ್ ರಾಜ್ಯದ ಒಳನಾಡಿನ ಹದಿನಾಲ್ಕರ ಬಡ ಹುಡುಗಿಯೊಬ್ಬಳು ಬಸ್ಸು ಹತ್ತಿ ರಿಯೊಗೆ ಬಂದು ಇದೇ ಕ್ಲಬ್ಬಿನ ಮಹಿಳಾ ತಂಡ ಸೇರಿದಳು. ಅವಳೇ ಮುಂದೆ ಜಗತ್ಪ್ರಸಿದ್ಧಳಾದ ಆಟಗಾರ್ತಿ ಮಾರ್ತಾ.

ಆದರೆ ವಾಸ್ಕೊ ಮನೆಯ ಮಗ ಎಂದರೆ ರಾಬರ್ಟೊ ಡಿನಮಿಟೆ ಒಬ್ಬರೇ. ರಿಯೊ ಪಕ್ಕದ ಡುಕೆ ಡಿ ಕಾಶಿಯಸ್ ಊರಿನ ಹುಡುಗ 1971ರಲ್ಲಿ ಇಂಟರ್‌ನ್ಯಾಸಿಯೊನಲ್ ವಿರುದ್ಧ ಹೊಡೆದ ಒಂದು ಗೋಲಿಗೆ ಪತ್ರಿಕೆ ಇಟ್ಟ ಹೆಸರು ಡೈನಮೈಟ್. 1974ರಲ್ಲಿ ವಾಸ್ಕೊ ಮೊದಲ ಸಲ ರಾಷ್ಟ್ರೀಯ ಲೀಗ್ ಗೆದ್ದಾಗ ಅತಿ ಹೆಚ್ಚು ಗೋಲು ಅವರದೇ. ಬಾರ್ಸಿಲೋನಾಗೆ ಹೋದರು, ಅಲ್ಲಿ ಒಗ್ಗಲಿಲ್ಲ, ಕೆಲವೇ ತಿಂಗಳಲ್ಲಿ ಮರಳಿದರು. 1980ರ ಮೇ 4ರಂದು ಮರಕನಾದಲ್ಲಿ ಕೊರಿಂಥಿಯನ್ಸ್ ವಿರುದ್ಧ 5–2ರ ಗೆಲುವಿನ ಐದೂ ಗೋಲು ಅವರೇ ಹೊಡೆದರು. ವಾಸ್ಕೊ ಪರ 1110 ಪಂದ್ಯ, 708 ಗೋಲು. ರಾಷ್ಟ್ರೀಯ ಲೀಗಿನಲ್ಲಿ ಅವರ 190 ಗೋಲುಗಳ ದಾಖಲೆಯನ್ನು ಯಾರೂ ಮುರಿದಿಲ್ಲ. 1993ರ ವಿದಾಯ ಪಂದ್ಯದಲ್ಲಿ ಹಳೆಯ ಎದುರಾಳಿ, ಫ್ಲಮೆಂಗೊದ ಜೀಕೊ, ವಾಸ್ಕೊ ಅಂಗಿ ತೊಟ್ಟು ಅವರ ಜೊತೆ ಆಡಿದರು. ರಿಯೊ ಫುಟ್‌ಬಾಲ್ ಬಲ್ಲವರಿಗೆ ಅದು ಎಷ್ಟು ದೊಡ್ಡ ಗೌರವವೆಂದು ಬೇರೆ ಹೇಳಬೇಕಾಗಿಲ್ಲ. 2023ರ ಜನವರಿ 8ರಂದು ರಾಬರ್ಟೊ ತೀರಿಕೊಂಡರು.

1989ರಲ್ಲಿ ಎರಡನೆಯ ರಾಷ್ಟ್ರೀಯ ಪಟ್ಟ, 1997ರಲ್ಲಿ ಎಡ್ಮುಂಡೊ 29 ಗೋಲುಗಳೊಡನೆ ಮೂರನೆಯದು. 1998ರ ಆಗಸ್ಟ್ 21ಕ್ಕೆ ಕ್ಲಬ್ಬಿಗೆ ನೂರು ತುಂಬಿತು. ಐದೇ ದಿನದ ಮೇಲೆ ಈಕ್ವೆಡಾರ್‌ನಲ್ಲಿ ಗ್ವಾಯಕಿಲ್ ನಗರದ ಬಾರ್ಸಿಲೋನಾ ತಂಡವನ್ನು ಸೋಲಿಸಿ ಖಂಡದ ದೊಡ್ಡ ಕಪ್ ಲಿಬರ್ತಡೋರೆಸ್ ಗೆದ್ದರು. 2000ದ ಡಿಸೆಂಬರ್ 20ರಂದು ಮರ್ಕೊಸುಲ್ ಕಪ್ ಫೈನಲ್‌ನಲ್ಲಿ ಪಾಲ್ಮೇರಾಸ್ ಎದುರು ಮೊದಲರ್ಧಕ್ಕೆ 0–3ರಿಂದ ಹಿಂದಿದ್ದ ತಂಡ 4–3ರಿಂದ ಗೆದ್ದಿತು, ಅದರಲ್ಲಿ ಮೂರು ಗೋಲು ರೊಮಾರಿಯೊ ಅವರದು. ಹತ್ತು ದಿನದ ಮೇಲೆ ರಾಷ್ಟ್ರೀಯ ಫೈನಲ್ ನಡೆಯುತ್ತಿದ್ದ ಸಾವೊ ಜನುವಾರಿಯೊದಲ್ಲಿ ಕಿಕ್ಕಿರಿದ ಗ್ಯಾಲರಿಯ ಬೇಲಿ ಕುಸಿದು ನೂರೈವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಗಾಯಾಳುಗಳು ಮೈದಾನದಲ್ಲಿ ಬಿದ್ದಿರುವಾಗಲೇ ಆಟ ಮುಂದುವರಿಸಬೇಕೆಂದು ಆಗಿನ ಕ್ಲಬ್ ಮುಖಂಡ ಯುರಿಕೊ ಮಿರಾಂಡ ಹಟ ಹಿಡಿದರು. ಪಂದ್ಯ ನಿಂತಿತು, ಮುಂದಿನ ತಿಂಗಳು ಮರಕನಾದಲ್ಲಿ ಮತ್ತೆ ಆಡಿ ವಾಸ್ಕೊ ಪಟ್ಟ ಗೆದ್ದಿತು. ಆ ಪಟ್ಟದ ಪಕ್ಕದಲ್ಲಿ ಆ ಸಂಜೆಯನ್ನೂ ಬರೆಯಬೇಕು. ಚಂದಾ ಕೊಟ್ಟು ಆ ಗೋಡೆ ಎಬ್ಬಿಸಿದ ಜನರ ಮೊಮ್ಮಕ್ಕಳೇ ಅದರೊಳಗೆ ನಲುಗಿದರು.

ಮುಂದಿನ ವರ್ಷಗಳು ಇಳಿಜಾರಿನವು. ಸಾಲ, ಒಳಜಗಳ. 2008ರಲ್ಲಿ ಮೊದಲ ಸಲ ಎರಡನೇ ದರ್ಜೆಗೆ ಇಳಿದಾಗ ಅಧ್ಯಕ್ಷರ ಕುರ್ಚಿಯಲ್ಲಿದ್ದವರು ರಾಬರ್ಟೊ ಡಿನಮಿಟೆ. 2011ರಲ್ಲಿ ಬ್ರೆಜಿಲ್ ಕಪ್ ಬಂತು, ಆದರೆ 2013, 2015, 2020ರ ಋತುಗಳಲ್ಲಿ ಮತ್ತೆ ಮತ್ತೆ ಇಳಿದರು. 2022ರಲ್ಲಿ ಫುಟ್‌ಬಾಲ್ ವಿಭಾಗವನ್ನು ಕಂಪನಿಯಾಗಿಸಿ ಶೇ. 70ರಷ್ಟು ಪಾಲನ್ನು ಅಮೆರಿಕದ 777 ಪಾರ್ಟ್‌ನರ್ಸ್ ಸಂಸ್ಥೆಗೆ ಮಾರಿದರು. 2024ರ ಮೇ ತಿಂಗಳಲ್ಲಿ ರಿಯೊ ನ್ಯಾಯಾಲಯದ ಆದೇಶದಿಂದ ಆಡಳಿತ ಮತ್ತೆ ಕ್ಲಬ್ಬಿನ ಕೈಗೆ ಬಂತು. ಅಧ್ಯಕ್ಷ ಪೆಡ್ರಿನ್ಯೊ ಇಲ್ಲೇ ಆಡಿ ಬೆಳೆದವರು.

ಮೈದಾನದ ಗೋಡೆಗೆ ತಾಗಿದಂತೆ ಬರೇರಾ ಡೊ ವಾಸ್ಕೊ ಎಂಬ ಕೊಳೆಗೇರಿ ಇದೆ. ಅಲ್ಲಿಯವರು ಪಂದ್ಯದ ದಿನ ತಿಂಡಿ, ಪಾನೀಯ ಮಾರುತ್ತಾರೆ, ವಾಹನ ಕಾಯುತ್ತಾರೆ. ಎಷ್ಟೋ ಮನೆಗಳ ವಾರದ ಸಂಪಾದನೆ ಅದೇ. 2023ರ ಜೂನಿನಲ್ಲಿ ಗೊಯಾಸ್ ವಿರುದ್ಧದ ಸೋಲಿನ ಬಳಿಕ ಗಲಭೆಯಾಗಿ ನ್ಯಾಯಾಲಯ ಮೈದಾನಕ್ಕೆ ಪ್ರೇಕ್ಷಕರ ಪ್ರವೇಶ ನಿಲ್ಲಿಸಿತು. ಕೊಳೆಗೇರಿಯ ನಡುವೆ ಇರುವುದೇ ಅಪಾಯ ಎಂಬ ಧಾಟಿಯ ಮಾತು ಆ ಪ್ರಕರಣದ ಕಾಗದಗಳಲ್ಲಿ ಬಂದಾಗ ನಿವಾಸಿಗಳೂ ಕ್ಲಬ್ಬೂ ಒಟ್ಟಾಗಿ ಪ್ರತಿಭಟಿಸಿದರು. ಸೆಪ್ಟೆಂಬರ್‌ನಲ್ಲಿ ಬಾಗಿಲು ತೆರೆಯಿತು.

ಈಗ ಸಾವೊ ಜನುವಾರಿಯೊವನ್ನು ಹೊಸದಾಗಿ ಕಟ್ಟುವ ಯೋಜನೆ ಸಿದ್ಧವಾಗಿದೆ. ಸುಮಾರು 21 ಸಾವಿರ ಮಂದಿ ಹಿಡಿಸುವ ಮೈದಾನವನ್ನು ಅದರ ಎರಡು ಪಟ್ಟಿಗೂ ಮೀರಿ ಬೆಳೆಸಬೇಕು, ಹಳೆಯ ಮುಂಭಾಗ ಹಾಗೆಯೇ ಉಳಿಯಬೇಕು. ಇಲ್ಲಿ ಬಳಕೆಯಾಗದ ಕಟ್ಟಡ ಹಕ್ಕನ್ನು ಬೇರೆಡೆ ಕಟ್ಟುವವರಿಗೆ ಮಾರಿ ಹಣ ಹೊಂದಿಸಲು ಅನುವಾಗುವ ಕಾನೂನನ್ನು ನಗರಸಭೆ 2024ರಲ್ಲಿ ಒಪ್ಪಿದೆ. ಬ್ರೆಜಿಲ್‌ನ ಬೇರೆ ಊರುಗಳಲ್ಲಿ ಹೊಸ ಕ್ರೀಡಾಂಗಣ ಎದ್ದಾಗೆಲ್ಲ ಟಿಕೆಟ್ ದರ ಏರಿ, ನಿಂತು ನೋಡುವ ಅಗ್ಗದ ಜಾಗ ಕಾಣೆಯಾಗಿ, ಬಡ ಅಭಿಮಾನಿ ಮನೆಯ ಟಿವಿಯ ಮುಂದೆ ಉಳಿದಿದ್ದಾನೆ. ನಕ್ಷೆಯಲ್ಲಿ ಎಷ್ಟು ಸಾವಿರ ಕುರ್ಚಿಗಳಿವೆ ಎಂಬುದಕ್ಕಿಂತ, ಬರೇರಾದ ತಿಂಡಿ ಮಾರುವ ಹೆಂಗಸು ತನ್ನ ಮಗನೊಡನೆ ಅದರಲ್ಲಿ ಯಾವ ಬೆಲೆಗೆ ಕೂರಬಲ್ಲಳು ಎಂಬ ಲೆಕ್ಕವನ್ನು ಕ್ಲಬ್ಬಿನ ಸದಸ್ಯರು ತಮ್ಮ ಆಡಳಿತ ಮಂಡಳಿಯಿಂದ ಈಗಲೇ ಕೇಳಿ ಪಡೆಯಬೇಕು.